ಪಂಜರದ ಒಂದು ಗಿಳಿಗೆ ಕಾಡಿನ ಎಷ್ಟು ಗಿಳಿ?

ಗಿಳಿ ಸಾಕುವುದು ಸರಿಯೇ ಎಂಬ ಮಾತು ಬಂದಾಗಲೆಲ್ಲ ಚರ್ಚೆ ಪಂಜರದ ಸುತ್ತಲೇ ನಡೆಯುತ್ತದೆ. ಪಂಜರ ದೊಡ್ಡದಿದೆಯೇ, ಕಾಳು ಹಣ್ಣು ಹೊತ್ತಿಗೆ ಸರಿಯಾಗಿ ಸಿಗುತ್ತದೆಯೇ, ಮನೆಯವರು ಅದನ್ನು ಮಾತಾಡಿಸುತ್ತಾರೆಯೇ. ಪಂಜರದಲ್ಲೇ ಹುಟ್ಟಿ ಬೆಳೆದ ಹಕ್ಕಿಯ ಮಟ್ಟಿಗೆ ಈ ಪ್ರಶ್ನೆಗಳು ಸಾಕಾಗಬಹುದು. ಕಾಡಿನಿಂದ ಹಿಡಿದು ತಂದ ಹಕ್ಕಿಗೆ ಇವು ಸಾಲವು. ಅದು ಮನೆಯ ಹೊಸ್ತಿಲು ದಾಟುವ ಹೊತ್ತಿಗೆ ಸರಿತಪ್ಪಿನ ಲೆಕ್ಕದ ಬಹುಪಾಲು ಮುಗಿದೇ ಹೋಗಿರುತ್ತದೆ. ಯಾವ ಗೂಡು ಬರಿದಾಯಿತು, ಯಾವ ಮರ ಉರುಳಿತು, ದಾರಿಯಲ್ಲಿ ಎಷ್ಟು ಸತ್ತವು ಎಂಬುದು ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಬದುಕುಳಿದ ಒಂದು ಹಕ್ಕಿ ಮಾತ್ರ.

ಜಗತ್ತಿನಲ್ಲಿ ಸುಮಾರು 400 ಜಾತಿಯ ಗಿಳಿಗಳಿವೆ. ಅವುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಅಳಿವಿನ ಅಪಾಯದ ಪಟ್ಟಿಯಲ್ಲಿವೆ. ಕಾಡು ಕರಗುತ್ತಿರುವುದು ಒಂದು ಕಾರಣ, ಹಿಡಿದು ಮಾರುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡಿದರೆ ತಪ್ಪುತ್ತೇವೆ. ಮರ ಸಾಗಿಸಲು ಕಾಡಿನೊಳಗೆ ಕಡಿದ ದಾರಿಯಲ್ಲೇ ಗಿಳಿ ಹಿಡಿಯುವವನೂ ಒಳಗೆ ಹೋಗುತ್ತಾನೆ.

ಹಿಡಿಯುವ ಎರಡು ಬಗೆ

ಕಾಡುಗಿಳಿ ಮಾರುಕಟ್ಟೆಗೆ ಬರುವುದು ಎರಡು ರೂಪದಲ್ಲಿ: ಗೂಡಿನಿಂದ ಕದ್ದ ಮರಿಯಾಗಿ, ಇಲ್ಲವೇ ಹಿಂಡಿನಿಂದ ಹಿಡಿದ ಬೆಳೆದ ಹಕ್ಕಿಯಾಗಿ.

ಬಹುತೇಕ ಗಿಳಿಗಳು ಮೊಟ್ಟೆಯಿಡುವುದು ಮರದ ಪೊಟರೆಯಲ್ಲಿ. ಪೊಟರೆಯನ್ನು ತಾವಾಗಿಯೇ ಕೊರೆದುಕೊಳ್ಳುವ ಜಾತಿಗಳು ಕಡಿಮೆ. ಮರಕುಟಿಗ ಕೊರೆದು ಬಿಟ್ಟದ್ದು, ಕೊಂಬೆ ಮುರಿದ ಜಾಗ ಕೊಳೆತು ಆದದ್ದು, ಇಂಥವನ್ನು ಹುಡುಕಿಕೊಂಡು ಕೊಕ್ಕಿನಿಂದ ಅಷ್ಟಿಷ್ಟು ಹಿಗ್ಗಿಸಿಕೊಳ್ಳುತ್ತವೆ. ದೊಡ್ಡ ಗಿಳಿಗೆ ದೊಡ್ಡ ಪೊಟರೆ ಬೇಕು, ದೊಡ್ಡ ಪೊಟರೆಗೆ ಹಳೆಯ ಮರ ಬೇಕು. ಬ್ರೆಜಿಲ್‌ನ ಪಂಟನಾಲ್ ಜೌಗು ಪ್ರದೇಶದಲ್ಲಿ, ನೀಲಿ ಬಣ್ಣದ ದೊಡ್ಡ ಗಿಳಿಯಾದ ಹಯಸಿಂತ್ ಮಕಾವ್‌ನ ಹತ್ತರಲ್ಲಿ ಒಂಬತ್ತು ಗೂಡುಗಳು ಮಂಡುವಿ ಎಂಬ ಒಂದೇ ಬಗೆಯ ಮರದಲ್ಲಿರುತ್ತವೆ. ಆ ಮರದಲ್ಲಿ ಮಕಾವ್ ಹಿಡಿಸುವಷ್ಟು ಪೊಟರೆಯಾಗಲು 60 ವರ್ಷವಾದರೂ ಬೇಕು. ಹಾಗೆ ಸಿಕ್ಕ ಪೊಟರೆಗೆ ಜೋಡಿಗಳು ವರ್ಷವರ್ಷವೂ ಮರಳುತ್ತವೆ. ಮರ ಹತ್ತಲು ಕಷ್ಟವಾದಾಗ ಮರಿ ಕದಿಯುವವರು ಪೊಟರೆಯ ಬದಿಯನ್ನು ಕೊಡಲಿಯಿಂದ ಸೀಳುತ್ತಾರೆ, ಕೆಲವೊಮ್ಮೆ ಮರವನ್ನೇ ಉರುಳಿಸುತ್ತಾರೆ. ಬಿದ್ದ ಏಟಿಗೆ ಮರಿಗಳಲ್ಲಿ ಕೆಲವು ಅಲ್ಲೇ ಸಾಯುತ್ತವೆ. ಸೀಳಿದ ಪೊಟರೆಯೊಳಗೆ ಮಳೆ ನುಗ್ಗುತ್ತದೆ, ಮರಿ ತಿನ್ನುವ ಪ್ರಾಣಿಗಳಿಗೆ ಬಾಗಿಲು ತೆರೆದಂತಾಗುತ್ತದೆ. ಅಲ್ಲಿಗೆ ಹೋದದ್ದು ಆ ವರ್ಷದ ಎರಡು ಮರಿಗಳಷ್ಟೇ ಅಲ್ಲ, ಮುಂದಿನ ಹಲವು ವರ್ಷಗಳ ಮರಿಗಳೂ ಹೌದು.

ಮರಿಗಳ ಪಾಡು ಮುಂದೆ ಶುರುವಾಗುತ್ತದೆ. ಪುಕ್ಕ ಬಾರದ ಮರಿಗೆ ಮೈಕಾವನ್ನು ಕಾಪಾಡಿಕೊಳ್ಳಲು ಬರುವುದಿಲ್ಲ. ತಾಯಿ ತಂದೆ ಅರೆ ಜೀರ್ಣವಾದ ಆಹಾರವನ್ನು ಬಾಯಿಗಿಡುತ್ತವೆ. ಅದರಲ್ಲಿ ಕೊಬ್ಬು, ಪ್ರೋಟೀನು, ಸುಣ್ಣದಂಶ ಎಲ್ಲವೂ ಹದವಾಗಿರುತ್ತದೆ. ಹಿಡಿದವರು ಕೊಡುವುದು ಬರೀ ಪಿಷ್ಟದ ಗಂಜಿ. ವಾರಗಟ್ಟಲೆ ಅದನ್ನೇ ತಿಂದ ಮರಿಯ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಕೈತುತ್ತಿಗೆ ಗಂಜಿಯ ಬಿಸಿ 38ರಿಂದ 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ತಣ್ಣಗಿದ್ದರೆ ಕುತ್ತಿಗೆಯ ಬುಡದ ಆಹಾರಚೀಲದಲ್ಲೇ ನಿಂತು ಹುಳಿಯುತ್ತದೆ, ಹೆಚ್ಚು ಬಿಸಿಯಿದ್ದರೆ ಚೀಲದ ಗೋಡೆ ಸುಟ್ಟು ತೂತಾಗುತ್ತದೆ. ಆತುರದಲ್ಲಿ ತುರುಕಿದರೆ ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟುತ್ತದೆ. ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಕೈತುತ್ತು ಕೊಡುವವರೇ ಇಲ್ಲಿ ಎಡವುವುದುಂಟು. ಬುಟ್ಟಿಯಲ್ಲಿ ಇಪ್ಪತ್ತು ಮರಿ ತುಂಬಿಕೊಂಡು ಹೋಗುವ ದಲ್ಲಾಳಿಗೆ ಥರ್ಮಾಮೀಟರು ಎಲ್ಲಿಯದು?

ಬೆಳೆದ ಹಕ್ಕಿಗಳನ್ನು ಹಿಡಿಯುವುದು ಅವು ಗುಂಪುಗೂಡುವ ಕಡೆ. ಮಧ್ಯ ಆಫ್ರಿಕಾದ ಬೂದು ಗಿಳಿಗಳು ಕಾಡಿನ ನಡುವಿನ ಜೌಗು ಬಯಲಿಗೆ ಉಪ್ಪಿನಂಶ ತಿನ್ನಲು ನೂರುಗಟ್ಟಲೆ ಇಳಿಯುತ್ತವೆ, ರಾತ್ರಿ ಒಂದೇ ತೋಪಿನಲ್ಲಿ ತಂಗುತ್ತವೆ. ಒಂದು ಪಳಗಿದ ಗಿಳಿಯನ್ನು ಕಟ್ಟಿ ಕೂಗಿಸಿದರೆ ಉಳಿದವು ಸುತ್ತ ಬಂದು ಕೂರುತ್ತವೆ. ಬಲೆ ಅಥವಾ ಅಂಟು ಅಲ್ಲಿ ಕಾದಿರುತ್ತದೆ. ಹಿಂಡಾಗಿ ಬದುಕುವ ಗುಣವೇ ಅವುಗಳಿಗೆ ಉರುಳಾಗುತ್ತದೆ. ಅಂಟಿನಿಂದ ಬಿಡಿಸುವಾಗ ಪುಕ್ಕ ಕಿತ್ತು ಬರುತ್ತದೆ, ಹಾರದಿರಲೆಂದು ರೆಕ್ಕೆಯ ದೊಡ್ಡ ಗರಿಗಳನ್ನು ಕತ್ತಿಯಿಂದ ಒರಟಾಗಿ ಕತ್ತರಿಸುತ್ತಾರೆ. ಆಮೇಲಿನ ಕೆಲವು ದಿನಗಳೇ ಎಲ್ಲಕ್ಕಿಂತ ಅಪಾಯದವು. ಹೆದರಿದ ಹಕ್ಕಿ ಗುರುತಿಲ್ಲದ ಆಹಾರ ಮುಟ್ಟುವುದಿಲ್ಲ, ನೀರೂ ಕುಡಿಯುವುದಿಲ್ಲ. ಇಕ್ಕಟ್ಟಿನ ಪೆಟ್ಟಿಗೆಯ ದೂಳು, ಬೂಷ್ಟು, ಹಿಕ್ಕೆಯ ನಡುವೆ ಶ್ವಾಸಕೋಶಕ್ಕೆ ಶಿಲೀಂಧ್ರ ಹತ್ತುತ್ತದೆ. ಬೇರೆ ಬೇರೆ ಕಾಡಿನ ಹಕ್ಕಿಗಳನ್ನು ಒಂದೇ ಪೆಟ್ಟಿಗೆಗೆ ತುಂಬುವುದರಿಂದ ಒಂದರ ರೋಗ ಎಲ್ಲಕ್ಕೂ ಅಂಟುತ್ತದೆ.

ಸತ್ತವುಗಳ ಲೆಕ್ಕ

ಹೀಗೆ ಸಾಯುವವು ಎಷ್ಟು? ದೇಶ, ಜಾತಿ, ದಾರಿಯ ಉದ್ದವನ್ನು ಅವಲಂಬಿಸಿ ಅಂದಾಜುಗಳು ಬದಲಾಗುತ್ತವೆ. ಬೂದು ಗಿಳಿಗಳ ವಿಷಯದಲ್ಲಿ ಹಿಡಿದಲ್ಲಿಂದ ರಫ್ತಾಗುವುದರೊಳಗೆ ಮೂರರಲ್ಲಿ ಒಂದರಿಂದ ಮೂರರಲ್ಲಿ ಎರಡರಷ್ಟು ಸಾಯುತ್ತವೆ ಎಂದು ಅಧ್ಯಯನಗಳು ಹೇಳಿವೆ. ಮೆಕ್ಸಿಕೋದ ಬಗ್ಗೆ 2007ರಲ್ಲಿ ಬಂದ ವರದಿ ಇನ್ನೂ ಕರಾಳವಾಗಿದೆ. ಅಲ್ಲಿ ವರ್ಷಕ್ಕೆ 65,000ದಿಂದ 78,500 ಗಿಳಿಗಳನ್ನು ಹಿಡಿಯಲಾಗುತ್ತಿತ್ತು, ಕೊಳ್ಳುವವರ ಕೈ ಸೇರುವುದರೊಳಗೆ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಸಾಯುತ್ತಿದ್ದವು. ಈ ವರದಿಯ ಮರುವರ್ಷವೇ ಮೆಕ್ಸಿಕೋ ತನ್ನ ಕಾಡುಗಿಳಿಗಳನ್ನು ಹಿಡಿಯುವುದನ್ನೂ ರಫ್ತು ಮಾಡುವುದನ್ನೂ ನಿಷೇಧಿಸಿತು.

ಈ ಸಾವುಗಳು ಕಾಗದದಲ್ಲಿ ಕಾಣುವುದಿಲ್ಲ. ಸರ್ಕಾರಗಳು ಕೊಡುತ್ತಿದ್ದ ಕೋಟಾ ಇಷ್ಟು ಹಕ್ಕಿ ರಫ್ತು ಮಾಡಬಹುದು ಎಂಬುದಕ್ಕೆ. ಇಷ್ಟು ಹಿಡಿಯಬಹುದು ಎಂಬುದಕ್ಕಲ್ಲ. 100 ಹಕ್ಕಿ ರಫ್ತಾಗಬೇಕು, ಸಾವು ಶೇಕಡಾ 60 ಎಂದಿಟ್ಟುಕೊಳ್ಳಿ. ಹಿಡಿಯಬೇಕಾದದ್ದು 250. ಸಾವು ಶೇಕಡಾ 75 ಆದರೆ 400. ದಾಖಲೆಯಲ್ಲಿ ಮಾತ್ರ ಎರಡೂ ಕಡೆ ನೂರೇ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದ ಜಾರಿಗೆ ಬಂದ ಮೇಲೆ ಕಾಡಿನಿಂದ ಹಿಡಿದ ಹತ್ತು ಲಕ್ಷಕ್ಕೂ ಹೆಚ್ಚು ಬೂದು ಗಿಳಿಗಳು ಕಾನೂನುಬದ್ಧವಾಗಿಯೇ ಗಡಿ ದಾಟಿದವು. ಮೇಲಿನ ಲೆಕ್ಕವನ್ನು ಅದಕ್ಕೆ ಅನ್ವಯಿಸಿ ನೋಡಿದರೆ ಘಾನಾದಲ್ಲಿ ಕಂಡದ್ದು ಆಶ್ಚರ್ಯವೆನಿಸುವುದಿಲ್ಲ: 1992ರಿಂದ ಈಚೆಗೆ ಅಲ್ಲಿನ ಬೂದು ಗಿಳಿಗಳಲ್ಲಿ ಶೇಕಡಾ 90ರಿಂದ 99ರಷ್ಟು ಇಲ್ಲವಾಗಿವೆ ಎಂದು 2016ರ ಅಧ್ಯಯನ ತೋರಿಸಿತು.

ನೀತಿಯ ದೃಷ್ಟಿಯಿಂದ ಇದರ ಅರ್ಥ ನೇರವಾಗಿದೆ. ಕೊಂಡವರು ಒಂದು ಹಕ್ಕಿಗೆ ಎಷ್ಟೇ ಒಳ್ಳೆಯ ಬದುಕು ಕೊಟ್ಟರೂ ಅವರು ಕೊಟ್ಟ ಹಣ ತೀರಿಸಿದ್ದು ಎರಡು, ಮೂರು, ನಾಲ್ಕು ಹಕ್ಕಿಗಳನ್ನು ಹಿಡಿದ ಖರ್ಚನ್ನು. ಸತ್ತವುಗಳ ನಷ್ಟವನ್ನು ಸೇರಿಸಿಯೇ ಬೆಲೆ ಕಟ್ಟಲಾಗಿರುತ್ತದೆ. ಆ ಸಾವುಗಳು ವ್ಯಾಪಾರದ ಅಚಾತುರ್ಯವಲ್ಲ, ಅದರ ಬಂಡವಾಳದ ಭಾಗ.

ಹಿಂಡು ಕಾಣುತ್ತದೆ, ಕುಸಿತ ಕಾಣುವುದಿಲ್ಲ

"ಆಕಾಶದ ತುಂಬ ಗಿಳಿಗಳಿವೆ, ನಾಲ್ಕು ಹಿಡಿದರೆ ಏನಾದೀತು" ಎಂಬ ವಾದ ಎಲ್ಲ ಕಡೆ ಕೇಳಿಸುತ್ತದೆ. ಗುಬ್ಬಚ್ಚಿಯಂಥ ಬೇಗ ಸಾಯುವ, ಬೇಗ ಹೆರುವ ಹಕ್ಕಿಗೆ ಅದು ಸ್ವಲ್ಪ ಮಟ್ಟಿಗೆ ಸರಿ. ಗಿಳಿಯ ಬದುಕು ಆನೆಯ ಬದುಕಿನ ಹಾಗೆ: ನಿಧಾನವಾಗಿ ಬೆಳೆದು, ಕಡಿಮೆ ಹೆತ್ತು, ಬಹುಕಾಲ ಬಾಳುವುದು. ದೊಡ್ಡ ಗಿಳಿಗಳು ಮೊದಲ ಬಾರಿ ಮರಿ ಮಾಡುವುದು ಮೂರರಿಂದ ಆರನೆಯ ವರ್ಷದ ನಡುವೆ. ಎಲ್ಲ ಜೋಡಿಗಳೂ ಪ್ರತಿವರ್ಷ ಗೂಡು ಹೂಡುವುದಿಲ್ಲ. ಮಕಾವ್ ಎರಡು ಮೂರು ಮೊಟ್ಟೆಯಿಟ್ಟರೂ ಹಾರುವ ಹಂತ ತಲುಪುವುದು ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಎರಡು.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 100 ಜೋಡಿಗಳಿವೆ. ಈ ವರ್ಷ ಗೂಡು ಹೂಡಿದವು 60. ಹಾವು, ಹದ್ದು, ಮಳೆಗೆ ಸಿಕ್ಕಿ ಕೆಟ್ಟವು 24, ಉಳಿದವು 36. ಗೂಡಿಗೆ ಸರಾಸರಿ ಒಂದೂವರೆಯಂತೆ 54 ಮರಿ ಹಾರಿದವು. ಮೊದಲ ವರ್ಷದಲ್ಲೇ ಅರ್ಧ ಸಾಯುತ್ತವೆ. ಉಳಿದ 27ರಲ್ಲಿ ಮರಿ ಮಾಡುವ ವಯಸ್ಸು ಮುಟ್ಟುವುದು 20 ಎನ್ನೋಣ. ಇತ್ತ 200 ಬೆಳೆದ ಹಕ್ಕಿಗಳಲ್ಲಿ ವರ್ಷಕ್ಕೆ ನೂರಕ್ಕೆ ಒಂಬತ್ತರಂತೆ 18 ಸಾಯುತ್ತವೆ. ಬಂದದ್ದು 20, ಹೋದದ್ದು 18. ತಕ್ಕಡಿ ಕೂದಲೆಳೆಯಲ್ಲಿ ನಿಂತಿದೆ. ಈಗ ಗೂಡುಗಳಲ್ಲಿ ಶೇಕಡಾ 30 ಕಳುವಾದರೆ ಬರುವುದು 14, ವರ್ಷಕ್ಕೆ ಶೇಕಡಾ 2ರ ಇಳಿಕೆ. ಹೀಗೇ ಸಾಗಿದರೆ ಸುಮಾರು 35 ವರ್ಷಕ್ಕೆ ಹಿಂಡು ಅರ್ಧವಾಗುತ್ತದೆ. ಶೇಕಡಾ 70 ಕಳುವಾದರೆ 11 ವರ್ಷ ಸಾಕು.

ಶೇಕಡಾ 30 ಮತ್ತು 70 ಎಂಬ ಅಂಕಿಗಳನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ 21 ಜಾತಿಗಳ 4,024 ಗೂಡುಗಳ ದಾಖಲೆಯನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಸರಾಸರಿ ಶೇಕಡಾ 30ರಷ್ಟು ಗೂಡುಗಳು ಕಳುವಾಗಿದ್ದವು. ಒಟ್ಟು 23 ಅಧ್ಯಯನಗಳಲ್ಲಿ ನಾಲ್ಕು ಕಡೆ ಕಳವು ಶೇಕಡಾ 70 ಅಥವಾ ಅದಕ್ಕಿಂತ ಹೆಚ್ಚಿತ್ತು. ಆರು ಕಡೆ ಒಂದೂ ಕಳುವಾಗಿರಲಿಲ್ಲ. ಈ ಆರನ್ನು ಮರೆಯಬಾರದು. ಕಾವಲಿದ್ದಲ್ಲಿ ಕಳವು ತಪ್ಪುತ್ತದೆ ಎಂಬುದೂ ಅದೇ ದಾಖಲೆಯಿಂದ ತಿಳಿಯುವ ಸಂಗತಿ.

ಗೂಡು ಕಳವಿನ ಮೋಸವೆಂದರೆ ಅದು ಬಹುಕಾಲ ಗೊತ್ತಾಗುವುದೇ ಇಲ್ಲ. ಬೆಳೆದ ಹಕ್ಕಿಗಳು ಹತ್ತಾರು ವರ್ಷ ಬದುಕುವುದರಿಂದ ಹಿಂಡು ಬೆಳಗೂ ಬೈಗೂ ಅದೇ ಗದ್ದಲದಿಂದ ಹಾರುತ್ತಲೇ ಇರುತ್ತದೆ. ಅದರಲ್ಲಿ ಎಳೆಯವು ಎಷ್ಟಿವೆ ಎಂದು ಎಣಿಸಿದವರಿಗಷ್ಟೇ ಕುಸಿತ ತಿಳಿಯುತ್ತದೆ. ಬೆಳೆದ ಹಕ್ಕಿಗಳನ್ನೇ ಬಲೆಯಲ್ಲಿ ಬಾಚುವುದು ಇನ್ನೂ ಹಾನಿಕರ: ಮೇಲಿನ ಲೆಕ್ಕದಲ್ಲಿ ಒಂದೇ ಬೆಳಗ್ಗೆ 20 ದೊಡ್ಡ ಹಕ್ಕಿ ಹಿಡಿದರೆ ಇಡೀ ವರ್ಷದ ಹೊಸ ಪೀಳಿಗೆಯನ್ನೇ ಅಳಿಸಿದಂತೆ. ಅಪರೂಪವಾದಷ್ಟೂ ಬೆಲೆ ಏರುವುದರಿಂದ, ಬೇರೆ ಸರಕಿನ ಹಾಗೆ "ಸಿಗುವುದು ಕಷ್ಟವಾಯಿತು, ಬಿಟ್ಟುಬಿಡೋಣ" ಎಂಬ ಹಂತವೂ ಇಲ್ಲಿ ಬರುವುದಿಲ್ಲ. ಬ್ರೆಜಿಲ್‌ನ ಸ್ಪಿಕ್ಸ್ ಮಕಾವ್‌ಗೆ ಆದದ್ದು ಇದೇ. ಕಾಡಿನಲ್ಲಿ ಮೂರೇ ಉಳಿದಿವೆ ಎಂದು ತಿಳಿದ ಮೇಲೂ 1987-88ರಲ್ಲಿ ಅವನ್ನೂ ಹಿಡಿದರು. 1990ರಲ್ಲಿ ಕಂಡುಬಂದ ಒಂಟಿ ಗಂಡು 2000ದಲ್ಲಿ ಕಾಣೆಯಾಯಿತು. ಸಾಕಿದ ಹಕ್ಕಿಗಳ ಸಂತಾನದಿಂದ ಎಂಟನ್ನು 2022ರಲ್ಲಿ ಮತ್ತೆ ಅದೇ ಬಯಲಿಗೆ ಬಿಡಲು ಇಪ್ಪತ್ತೆರಡು ವರ್ಷ ಹಿಡಿಯಿತು.

ಹಿಡಿದ ಹಕ್ಕಿ ಕಳೆದುಕೊಳ್ಳುವುದೇನು

ಜಾತಿಯ ಲೆಕ್ಕ ಹಾಗಿರಲಿ, ಒಂದೊಂದು ಹಕ್ಕಿಯ ಲೆಕ್ಕವೂ ಇದೆ. ಕೆಲವು ಜಾತಿಗಳು ಇನ್ನೂ ಹೇರಳವಾಗಿವೆ. ಅವುಗಳನ್ನು ಹಿಡಿದರೆ ಅಳಿವಿನ ವಾದ ಅನ್ವಯಿಸುವುದಿಲ್ಲ. ಹಾಗಿದ್ದರೂ ಹಿಡಿಯುವುದು ತಪ್ಪೇ ಎಂದು ಕೇಳಿದರೆ, ಉತ್ತರ ಆ ಹಕ್ಕಿ ಎಂಥದ್ದು ಎಂಬುದರ ಮೇಲೆ ನಿಂತಿದೆ.

ಗಿಳಿ ಜೋಡಿ ಕಟ್ಟಿ, ಹಿಂಡಿನಲ್ಲಿ, ಕೇಳಿ ಕಲಿತ ಕೂಗಿನಿಂದ ಬದುಕು ನಡೆಸುವ ಹಕ್ಕಿ. ವೆನೆಜುವೆಲಾದ ಪುಟ್ಟ ಗಿಳಿಗಳಾದ ಹಸಿರು ಪ್ಯಾರಟ್‌ಲೆಟ್‌ಗಳಲ್ಲಿ ತಾಯಿ ತಂದೆ ಪ್ರತಿ ಮರಿಗೂ ಬೇರೆ ಬೇರೆ ಕೂಗನ್ನು ಕಲಿಸುತ್ತವೆ, ಒಂದು ಬಗೆಯಲ್ಲಿ ಹೆಸರಿಟ್ಟ ಹಾಗೆ. ಇದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು. ಯಾವ ಹಣ್ಣು ಯಾವ ತಿಂಗಳಲ್ಲಿ ಎಲ್ಲಿ ಸಿಗುತ್ತದೆ, ಯಾವ ಕಾಯಿಯ ಕಹಿಯನ್ನು ಹೇಗೆ ತಪ್ಪಿಸಬೇಕು, ಹದ್ದು ಬಂದಾಗ ಏನು ಮಾಡಬೇಕು ಎಂಬುದನ್ನೆಲ್ಲ ಮರಿ ಹಿರಿಯರ ಜೊತೆ ಹಾರಿಯೇ ಕಲಿಯುತ್ತದೆ. ಇಂಥ ಹಕ್ಕಿ ಒಂಟಿಯಾದಾಗ ಅದರ ಬೇಸರ ಮೈಯಲ್ಲೇ ಕಾಣುತ್ತದೆ. ಒಂಟಿಯಾಗಿಟ್ಟ ಬೂದು ಗಿಳಿಗಳ ಕ್ರೋಮೋಸೋಮಿನ ತುದಿಗಳು ಜೋಡಿಯಾಗಿಟ್ಟವಕ್ಕಿಂತ ಮೊಟಕಾಗಿರುತ್ತವೆ ಎಂದು 2014ರ ಸಂಶೋಧನೆ ಹೇಳಿತು. ಈ ಮೊಟಕಾಗುವಿಕೆ ಜೀವಕೋಶ ಬೇಗ ಸವೆಯುವುದರ ಗುರುತು. ಮೆದುಳು ದೊಡ್ಡದಿರುವ ಜಾತಿಗಳೇ ಪಂಜರದಲ್ಲಿ ಹೆಚ್ಚಾಗಿ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತ ಕೂರುತ್ತವೆ, ಆಹಾರವನ್ನು ಸುಲಿದು ಒಡೆದು ತಿನ್ನುವ ಸ್ವಭಾವದವು ತಮ್ಮ ಪುಕ್ಕವನ್ನೇ ಕಿತ್ತುಕೊಳ್ಳುತ್ತವೆ ಎಂದು 2021ರ ಇನ್ನೊಂದು ಅಧ್ಯಯನ ತೋರಿಸಿತು. ಇವು ಪಂಜರದಲ್ಲಿ ಹುಟ್ಟಿದವಕ್ಕೂ ತಪ್ಪದ ತೊಂದರೆಗಳು. ಕಾಡು ಏನೆಂದು ಗೊತ್ತಿದ್ದು, ಜೊತೆಗಾರನನ್ನು ಕಳೆದುಕೊಂಡು, ಮನುಷ್ಯನನ್ನು ಹದ್ದಿನಂತೆ ಕಾಣುವ ಹಕ್ಕಿಗೆ ಎಷ್ಟು ಪಟ್ಟು ಹೆಚ್ಚು ಎಂದು ಓದುಗರೇ ಊಹಿಸಬಹುದು. ಆಯಸ್ಸೂ ಕಡಿಮೆಯಲ್ಲ. ಅಮೆರಿಕದ ಬ್ರೂಕ್‌ಫೀಲ್ಡ್ ಮೃಗಾಲಯದ ಕುಕೀ ಎಂಬ ಕಾಕಟೂ (ತಲೆಯಲ್ಲಿ ಜುಟ್ಟಿರುವ ಗಿಳಿ) 2016ರಲ್ಲಿ ಸತ್ತಾಗ ಅದಕ್ಕೆ 83 ವರ್ಷ.

ಕಾನೂನು ಎಲ್ಲಿ ಹಿಡಿಯಿತು, ಎಲ್ಲಿ ಜಾರಿತು

ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವುದು 1975ರಲ್ಲಿ ಜಾರಿಯಾದ ಸೈಟೀಸ್ ಒಪ್ಪಂದ. ಅದರ ಮೊದಲ ಪಟ್ಟಿಯಲ್ಲಿರುವ ಜಾತಿಗಳ ಕಾಡುಹಕ್ಕಿಗಳನ್ನು ವ್ಯಾಪಾರಕ್ಕಾಗಿ ಗಡಿ ದಾಟಿಸುವಂತಿಲ್ಲ. ಎರಡನೆಯ ಪಟ್ಟಿಯವನ್ನು ಪರವಾನಗಿ ಪಡೆದು ದಾಟಿಸಬಹುದು, ಆದರೆ ಇದರಿಂದ ಕಾಡಿನ ಸಂಖ್ಯೆಗೆ ಧಕ್ಕೆಯಿಲ್ಲ ಎಂದು ರಫ್ತು ಮಾಡುವ ದೇಶದ ವಿಜ್ಞಾನಿಗಳು ದೃಢಪಡಿಸಬೇಕು. ಬಜರಿಗಾರ್, ಕಾಕಟೀಲ್, ಪೀಚ್ ಮುಖದ ಲವ್‌ಬರ್ಡ್, ಕೊರಳಪಟ್ಟಿಯ ಹಸಿರು ಗಿಳಿ, ಈ ನಾಲ್ಕನ್ನು ಬಿಟ್ಟರೆ ಉಳಿದೆಲ್ಲ ಗಿಳಿಗಳೂ ಎರಡರಲ್ಲಿ ಒಂದು ಪಟ್ಟಿಯಲ್ಲಿವೆ. ಬೂದು ಗಿಳಿ 2016ರ ಜೋಹಾನ್ಸ್‌ಬರ್ಗ್ ಸಭೆಯಲ್ಲಿ ಮೊದಲ ಪಟ್ಟಿಗೆ ಏರಿತು. ಪಟ್ಟಿಯಲ್ಲಿಲ್ಲ ಎಂದರೆ ಹಿಡಿಯಬಹುದು ಎಂದಲ್ಲ, ಇದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಸೈಟೀಸ್ ಗಡಿಯಾಚೆಗಿನ ವ್ಯಾಪಾರಕ್ಕಷ್ಟೇ ಸಂಬಂಧಿಸಿದ್ದು. ಉದಾಹರಣೆಗೆ ಕೊರಳಪಟ್ಟಿಯ ಗಿಳಿಯನ್ನು ಹಿಡಿಯುವುದೂ ಮಾರುವುದೂ ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

"ಧಕ್ಕೆಯಿಲ್ಲ" ಎಂದು ದೃಢಪಡಿಸುವ ಹಂತವೇ ದುರ್ಬಲ ಕೊಂಡಿ. ದಟ್ಟ ಕಾಡಿನಲ್ಲಿ ಗಿಳಿ ಎಣಿಸುವುದು ದುಬಾರಿ, ನಿಧಾನದ ಕೆಲಸ. ಎಣಿಕೆಯಿಲ್ಲದೆ ಕೋಟಾ ಬರೆದದ್ದೇ ಹೆಚ್ಚು.

ನಿಜಕ್ಕೂ ಪರಿಣಾಮ ಬೀರಿದ್ದು ಕೊಳ್ಳುವ ದೇಶಗಳು ಬಾಗಿಲು ಹಾಕಿದ್ದು. ಅಮೆರಿಕ 1992ರಲ್ಲಿ ಕಾಡುಹಕ್ಕಿ ಸಂರಕ್ಷಣಾ ಕಾಯ್ದೆ ತಂದ ಮೇಲೆ ದಕ್ಷಿಣದ ದೇಶಗಳಲ್ಲಿ ಗೂಡು ಕಳವು ಗಮನಾರ್ಹವಾಗಿ ಇಳಿದದ್ದು ಮೇಲೆ ಹೇಳಿದ 2001ರ ವಿಶ್ಲೇಷಣೆಯಲ್ಲೇ ಇದೆ. ಯುರೋಪಿಯನ್ ಒಕ್ಕೂಟ ಬಾಗಿಲು ಹಾಕಿದ್ದು ಕರುಣೆಯಿಂದಲ್ಲ, ಹಕ್ಕಿಜ್ವರದ ಭಯದಿಂದ. 2005ರಲ್ಲಿ ಬ್ರಿಟನ್ನಿನ ಕ್ವಾರಂಟೈನ್ ಕೇಂದ್ರವೊಂದರ ಹಕ್ಕಿಗಳಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಸ್ ಕಂಡಾಗ ತಾತ್ಕಾಲಿಕವಾಗಿ ನಿಲ್ಲಿಸಿದ ಆಮದು 2007ರಲ್ಲಿ ಕಾಯಂ ಆಯಿತು. ಜಗತ್ತಿನ ಕಾನೂನುಬದ್ಧ ಕಾಡುಹಕ್ಕಿ ವ್ಯಾಪಾರ ವರ್ಷಕ್ಕೆ ಸುಮಾರು 13 ಲಕ್ಷದಿಂದ 1.3 ಲಕ್ಷಕ್ಕೆ ಕುಸಿಯಿತು. ರೋಗದ ಭಯಕ್ಕೆ ಹಳೆಯ ಕಾರಣಗಳೂ ಇದ್ದವು. 1929-30ರಲ್ಲಿ ದಕ್ಷಿಣ ಅಮೆರಿಕದ ಗಿಳಿಗಳಿಂದ ಮನುಷ್ಯರಿಗೆ ಸಿಟಕೋಸಿಸ್ ಎಂಬ ಶ್ವಾಸಕೋಶದ ಜ್ವರ ಹಲವು ದೇಶಗಳಲ್ಲಿ ಹಬ್ಬಿತ್ತು. 1971ರಿಂದ 73ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಆಮದು ಗಿಳಿಗಳ ಮೂಲಕ ಬಂದ, ಕೋಳಿಗಳನ್ನು ಕೊಲ್ಲುವ ನ್ಯೂಕ್ಯಾಸಲ್ ರೋಗವನ್ನು ತಡೆಯಲು ಸುಮಾರು 1.2 ಕೋಟಿ ಕೋಳಿಗಳನ್ನು ಕೊಲ್ಲಬೇಕಾಯಿತು.

ಒಂದು ಬಾಗಿಲು ಮುಚ್ಚಿದಾಗ ವ್ಯಾಪಾರದ ಒಂದಷ್ಟು ಪಾಲು ಪಕ್ಕದ ಬಾಗಿಲಿಗೆ ಹರಿದದ್ದೂ ನಿಜ. ಯುರೋಪಿನ ನಿಷೇಧ ಮತ್ತು ತನ್ನದೇ ಗಿಳಿಗಳ ಮೇಲಿನ ನಿಷೇಧದ ನಂತರ ಮೆಕ್ಸಿಕೋಗೆ ದಕ್ಷಿಣ ಅಮೆರಿಕದ ಸಣ್ಣ ಗಿಳಿಗಳಾದ ಮಾಂಕ್ ಪ್ಯಾರಾಕೀಟ್‌ಗಳ ಆಮದು ಏರಿತು. ತಪ್ಪಿಸಿಕೊಂಡವು ಈಗ ಅಲ್ಲಿನ ಊರುಗಳಲ್ಲಿ ಸಂಸಾರ ಹೂಡಿವೆ.

ಹಿಡಿಯುವವನ ಪಕ್ಷ

ಈ ವಿಷಯದಲ್ಲಿ ಬರೆಯುವವರು ಸಾಮಾನ್ಯವಾಗಿ ಹಾರಿಸಿಬಿಡುವ ವಾದವೊಂದಿದೆ. ಕಾಡಿನಂಚಿನ ಬಡವನಿಗೆ ಗಿಳಿಮರಿ ವರ್ಷದ ಒಂದೆರಡು ತಿಂಗಳ ನಗದು ಆದಾಯ. ದೂರದ ನಗರದವರು ಹಕ್ಕಿಯ ಹಕ್ಕಿನ ಮಾತಾಡುತ್ತ ಅವನ ತುತ್ತಿಗೆ ಅಡ್ಡ ಬರುವುದು ನ್ಯಾಯವೇ? ಪ್ರಶ್ನೆ ಗಟ್ಟಿಯಾದದ್ದೇ. ಆದರೆ ಕೊನೆಯ ಬೆಲೆಯಲ್ಲಿ ಅವನಿಗೆ ಸಿಗುವುದು ಸಣ್ಣ ಚೂರು, ಹೆಚ್ಚಿನದು ದಲ್ಲಾಳಿ ಮತ್ತು ರಫ್ತುದಾರನ ಪಾಲು. ಮರದಿಂದ ಬೀಳುವವನೂ ಅವನೇ, ಸಿಕ್ಕಿಬೀಳುವವನೂ ಅವನೇ. ಗಿಳಿ ಮುಗಿದ ಮೇಲೆ ಆದಾಯವೂ ಇಲ್ಲ.

ನಿಯಮದೊಳಗೆ ಹಿಡಿಯುವ ಪ್ರಯತ್ನವೂ ನಡೆದಿದೆ. ಅರ್ಜೆಂಟೀನಾ 1997ರಲ್ಲಿ ನೀಲಿ ಹಣೆಯ ಅಮೆಜಾನ್ ಗಿಳಿಗಾಗಿ ಆರಂಭಿಸಿದ ಪ್ರಾಯೆಕ್ಟೊ ಎಲೆ ಯೋಜನೆಯಲ್ಲಿ ಪ್ರತಿ ಗೂಡಿನಲ್ಲೂ ಒಂದು ಮರಿಯನ್ನಾದರೂ ಬಿಡಬೇಕಿತ್ತು, ಗೂಡಿನ ಮರಕ್ಕೆ ಹಾನಿ ಮಾಡುವಂತಿರಲಿಲ್ಲ, ಜಮೀನಿನವನಿಗೆ ಮರ ಉಳಿಸಿಕೊಂಡರೆ ಲಾಭವಿತ್ತು. ಮರಿಯ ಬೆಲೆಯೇ ಮರವನ್ನು ಕಾಯಲಿ ಎಂಬುದು ಲೆಕ್ಕಾಚಾರ. ಕಾಗದದಲ್ಲಿ ಇದಕ್ಕಿಂತ ಒಳ್ಳೆಯ ಯೋಜನೆ ಕಷ್ಟ. ಆದರೆ ಇದಕ್ಕೆ ಬೇಕಾದದ್ದೆಲ್ಲ, ಅಂದರೆ ಗೂಡು ಗೂಡಿನ ದಾಖಲೆ, ನಿಷ್ಠ ತಪಾಸಕರು, ಜಮೀನಿನ ಸ್ಪಷ್ಟ ಒಡೆತನ, ಇನ್ನೂ ಹೇರಳವಾಗಿರುವ ಜಾತಿ, ಇಷ್ಟೂ ಒಟ್ಟಿಗೆ ಇರುವ ಕಡೆ ಜಗತ್ತಿನಲ್ಲಿ ಬೆರಳೆಣಿಕೆ. ಮೇಲಾಗಿ ಹಕ್ಕಿಯೊಂದರ ಪಾಡಿನ ಪ್ರಶ್ನೆಗೆ ಇಲ್ಲಿ ಉತ್ತರವೇ ಇಲ್ಲ. ಅಳಿವು ತಪ್ಪಿದರೆ ಸಾಕು ಎನ್ನುವವರಿಗೆ ಇದು ಒಪ್ಪಿತವಾಗಬಹುದು, ಹಕ್ಕಿಯ ನೋವೂ ಲೆಕ್ಕಕ್ಕೆ ಬರಬೇಕು ಎನ್ನುವವರಿಗೆ ಅಲ್ಲ.

ಹೆಚ್ಚು ಗಟ್ಟಿಯಾಗಿ ನಿಂತದ್ದು ಫಿಲಿಪೀನ್ಸ್‌ನ ಪಲವಾನ್ ಬಳಿಯ ರಾಸಾ ದ್ವೀಪದ ದಾರಿ. ಅಲ್ಲಿ ಕಟಾಲಾ ಪ್ರತಿಷ್ಠಾನ ಎಂಬ ಸಂರಕ್ಷಣಾ ಸಂಸ್ಥೆ ಹಿಂದೆ ಕಾಕಟೂ ಮರಿ ಕದಿಯುತ್ತಿದ್ದವರನ್ನೇ ಸಂಬಳ ಕೊಟ್ಟು ಗೂಡು ಕಾಯಲು ನೇಮಿಸಿತು. ಯಾವ ಮರದಲ್ಲಿ ಪೊಟರೆಯಿದೆ, ಮರಿ ಎಂದು ಹಾರುತ್ತದೆ ಎಂದು ಅವರಷ್ಟು ಬಲ್ಲವರು ಯಾರು? ಶತಮಾನದ ತಿರುವಿನಲ್ಲಿ ಇಪ್ಪತ್ತಮೂರರ ಆಸುಪಾಸಿನಲ್ಲಿದ್ದ ಹಕ್ಕಿಗಳು ಇನ್ನೂರನ್ನು ದಾಟಿದವು.

"ಪಂಜರದಲ್ಲೇ ಹುಟ್ಟಿದ್ದು" ಎಂಬ ಮಾತು

ಕಾಡಿನದ್ದು ಬೇಡ, ಸಾಕಿದ ಜೋಡಿಯ ಮರಿ ಕೊಳ್ಳುತ್ತೇನೆ ಎಂಬುದು ಸಹಜ ಪರಿಹಾರ. ಬಜರಿಗಾರ್, ಕಾಕಟೀಲ್‌ಗಳ ಮಟ್ಟಿಗೆ ಅದು ಸರಿಹೋಗುತ್ತದೆ. ಅವು ಬಹಳ ತಲೆಮಾರುಗಳಿಂದ ಮನುಷ್ಯರ ನಡುವೆ ಹುಟ್ಟುತ್ತಿವೆ, ಬೇಗ ಮರಿ ಮಾಡುತ್ತವೆ, ಕಾಡಿಗೆ ಕೈ ಹಾಕುವ ಅಗತ್ಯವಿಲ್ಲ. ದೊಡ್ಡ ಗಿಳಿಗಳಲ್ಲಿ ಹಾಗಲ್ಲ. ಜೋಡಿ ಹೊಂದಿಕೊಳ್ಳಲು ವರ್ಷಗಳು ಬೇಕು, ಮರಿಗೆ ಮೂರು ನಾಲ್ಕು ತಿಂಗಳು ತುತ್ತು ಕೊಡಬೇಕು. ಅಷ್ಟು ಖರ್ಚಿನ ಪಕ್ಕದಲ್ಲಿ ಕಾಡಿನ ಹಕ್ಕಿ ಅಗ್ಗ. ಆದ್ದರಿಂದಲೇ ಕಾಡಿನದಕ್ಕೆ ಸಾಕಿದ್ದೆಂಬ ಕಾಗದ ಅಂಟಿಸುವ ದಂಧೆ ಬೆಳೆದಿದೆ. ಸೈಟೀಸ್ ಪರವಾನಗಿಯಲ್ಲಿ ಕಾಡಿನದಕ್ಕೆ ಡಬ್ಲ್ಯು, ಸಾಕಿ ಹುಟ್ಟಿಸಿದ್ದಕ್ಕೆ ಸಿ ಎಂಬ ಗುರುತಿರುತ್ತದೆ. ಸಾಲೊಮನ್ ದ್ವೀಪಗಳಿಂದ 2000ದಿಂದ 2010ರ ನಡುವೆ 54,000ಕ್ಕೂ ಹೆಚ್ಚು ಹಕ್ಕಿಗಳು ರಫ್ತಾದವು, ಬಹುಪಾಲು ಸಾಕಿ ಹುಟ್ಟಿಸಿದ್ದೆಂಬ ಗುರುತಿನಲ್ಲಿ. ಅಷ್ಟು ಹಕ್ಕಿ ಹುಟ್ಟಿಸುವ ಕೇಂದ್ರಗಳೇ ಅಲ್ಲಿರಲಿಲ್ಲ.

ಕೊಳ್ಳುವವರು ನೋಡಬೇಕಾದ ಮೊದಲ ವಸ್ತು ಕಾಲಿಗೆ ತೊಡಿಸಿದ ಗುರುತಿನ ರಿಂಗ್. ಜೋಡಣೆಯಿಲ್ಲದ ಮುಚ್ಚಿದ ರಿಂಗನ್ನು ಮರಿಯ ಪಾದ ಇನ್ನೂ ಚಿಕ್ಕದಿರುವಾಗಲೇ ತೂರಿಸಬೇಕು: ಸಣ್ಣ ಜಾತಿಗಳಲ್ಲಿ ಹುಟ್ಟಿದ ವಾರ ಹತ್ತು ದಿನಕ್ಕೆ, ದೊಡ್ಡವುಗಳಲ್ಲಿ ಎರಡು ಮೂರು ವಾರಕ್ಕೆ. ಆಮೇಲೆ ಪಾದ ಹಿಡಿಸುವುದಿಲ್ಲ. ಆದ್ದರಿಂದ ಸರಿಯಾದ ಅಳತೆಯ ಮುಚ್ಚಿದ ರಿಂಗ್ ಇದ್ದರೆ ಆ ಮರಿ ಅಷ್ಟು ಎಳೆಯದಿದ್ದಾಗಲೇ ಯಾರದೋ ಕೈಯಲ್ಲಿತ್ತು ಎಂದರ್ಥ. ಇಕ್ಕಳದಿಂದ ಮುಚ್ಚಿದ ಸೀಳು ರಿಂಗ್ ಏನನ್ನೂ ಸಾಬೀತುಮಾಡುವುದಿಲ್ಲ. ಬೇಕಾದ್ದಕ್ಕಿಂತ ದೊಡ್ಡದಾಗಿ ಸಡಿಲವಾಗಿ ಜೋತಾಡುವ ಮುಚ್ಚಿದ ರಿಂಗ್ ಇದ್ದರೆ ಬೆಳೆದ ಹಕ್ಕಿಗೆ ಆಮೇಲೆ ತುರುಕಿದ್ದೆಂದು ಅನುಮಾನಿಸಬೇಕು. ಸರಿಯಾದ ರಿಂಗ್ ಕೂಡ ಪೂರ್ತಿ ಪುರಾವೆಯಲ್ಲ. ಗೂಡಿನಿಂದ ಎಳೆಯದರಲ್ಲೇ ಕದ್ದ ಮರಿಗೂ ಅದನ್ನು ತೊಡಿಸಬಹುದು. ಹಾಗಾಗಿ ತಾಯಿ ತಂದೆ ಹಕ್ಕಿಗಳನ್ನು ತೋರಿಸಿ ಎಂದು ಕೇಳುವುದು ರಿಂಗಿಗಿಂತ ಒಳ್ಳೆಯ ಪರೀಕ್ಷೆ. ಸಂಶಯ ತೀರಬೇಕಾದರೆ ಮೂರೂ ಹಕ್ಕಿಗಳ ಪುಕ್ಕ ಅಥವಾ ರಕ್ತದಿಂದ ಡಿಎನ್‌ಎ ಹೋಲಿಕೆ ಮಾಡಿಸಬಹುದು; ಮಾರುವವನು ಅದಕ್ಕೆ ಒಪ್ಪದಿದ್ದರೆ ಉತ್ತರ ಸಿಕ್ಕಂತೆಯೇ.

ಕಣ್ಣೂ ಸುಳಿವು ಕೊಡುತ್ತದೆ. ಬೂದು ಗಿಳಿಯ ಮರಿಯ ಕಣ್ಣು ಕಡುಬಣ್ಣದ್ದು. ಅದು ಮೊದಲು ಬೂದಾಗಿ, ಒಂದೆರಡು ವರ್ಷದಲ್ಲಿ ತಿಳಿಹಳದಿಗೆ ತಿರುಗುತ್ತದೆ. "ಆರು ತಿಂಗಳ ಮರಿ" ಎಂದು ಹಳದಿ ಕಣ್ಣಿನ ಹಕ್ಕಿ ತೋರಿಸಿದರೆ ಅದು ಮರಿಯಲ್ಲ. ಹತ್ತಿರ ಹೋದೊಡನೆ ಮೂಲೆಗೆ ಒತ್ತಿಕೊಂಡು ಗುರುಗುಟ್ಟುವುದು, ಒರಟಾಗಿ ತುಂಡಾದ ರೆಕ್ಕೆ ಗರಿಗಳು, ಪುಕ್ಕಕ್ಕಂಟಿದ ಅಂಟಿನ ಕಲೆ, ಒಂದೇ ಪಂಜರದಲ್ಲಿ ಬೇರೆ ಬೇರೆ ವಯಸ್ಸಿನ ಹತ್ತಾರು ಹಕ್ಕಿ, ಇವೆಲ್ಲ ಬಲೆಯಿಂದ ಬಂದದ್ದರ ಲಕ್ಷಣ.

ಕನಿಕರದಿಂದ ಕೊಳ್ಳುವುದು

ಅಂಗಡಿಯಲ್ಲಿ ನರಳುವ ಹಕ್ಕಿ ಕಂಡು "ಇದನ್ನಾದರೂ ಉಳಿಸೋಣ" ಎಂದು ಕೊಳ್ಳುವವರಿದ್ದಾರೆ. ಮನಸ್ಸು ಒಳ್ಳೆಯದು, ಪರಿಣಾಮ ಕೆಟ್ಟದ್ದು. ಮಾರುವವನಿಗೆ ಕೊಂಡವರ ಉದ್ದೇಶ ಬೇಕಿಲ್ಲ. ಜಾಗ ಖಾಲಿಯಾಯಿತು, ಹಣ ಬಂತು, ಮುಂದಿನ ಬುಟ್ಟಿಗೆ ಹೇಳಿಕಳಿಸುತ್ತಾನೆ. ಅದರ ಬದಲು ಜಾಗ, ದಿನ, ಹಕ್ಕಿಗಳ ಜಾತಿ, ಸಂಖ್ಯೆ ಬರೆದುಕೊಂಡು, ಸಾಧ್ಯವಾದರೆ ಫೋಟೋ ತೆಗೆದು ವನ್ಯಜೀವಿ ಅಧಿಕಾರಿಗಳಿಗೆ ತಿಳಿಸುವುದೇ ಸರಿ.

ಕೊಂಡು ತಂದು ಕಿಟಕಿಯಿಂದ ಹಾರಿಬಿಡುವುದು ಇನ್ನೂ ದೊಡ್ಡ ತಪ್ಪು. ಕತ್ತರಿಸಿದ ಗರಿಯ ಬುಡ ಉದುರಿ ಹೊಸದು ಬರುವವರೆಗೆ, ಎಂದರೆ ಮುಂದಿನ ಪುಕ್ಕ ಬದಲಿಸುವ ಕಾಲದವರೆಗೆ, ಅದಕ್ಕೆ ಹಾರಲಾಗದು. ದೊಡ್ಡ ಗಿಳಿಗಳಲ್ಲಿ ಎಲ್ಲ ಗರಿಗಳೂ ಹೊಸದಾಗಲು ವರ್ಷಕ್ಕೂ ಮಿಕ್ಕಿ ಹಿಡಿಯಬಹುದು. ಗರಿ ಬಂದರೂ ಎದೆಯ ಸ್ನಾಯು ಕುಗ್ಗಿರುತ್ತದೆ. ಪೆಟ್ಟಿಗೆಯಲ್ಲಿ ಅಂಟಿದ ಸರ್ಕೋವೈರಸ್ ಕೊಕ್ಕು ಪುಕ್ಕಗಳನ್ನು ಕೊಳೆಸುವಂಥದ್ದು. ಅದನ್ನು ಹೊತ್ತ ಒಂದು ಹಕ್ಕಿ ಇಡೀ ಕಾಡು ಹಿಂಡಿಗೆ ರೋಗ ಹಚ್ಚಬಲ್ಲದು. ಬೇರೆ ನಾಡಿನ ಜಾತಿಯಾದರೆ ಸಾಯುತ್ತದೆ, ಇಲ್ಲವೇ ಬದುಕಿ ಅಲ್ಲಿನ ಹಕ್ಕಿಗಳ ಪೊಟರೆಗಳನ್ನು ಕಬಳಿಸುತ್ತದೆ.

ವಶಪಡಿಸಿಕೊಂಡ ಹಕ್ಕಿಗಳ ಮುಂದೆ ಅಧಿಕಾರಿಗಳಿಗಿರುವುದು ಮೂರೇ ಆಯ್ಕೆ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಕಾಡಿಗೆ ಮರಳಿಸುವುದು, ಜೀವನಪೂರ್ತಿ ಸಾಕುವುದು, ನೋವಿಲ್ಲದೆ ಕೊಲ್ಲುವುದು. ಮರಳಿಸಬೇಕಾದರೆ ಹಕ್ಕಿ ಯಾವ ಕಾಡಿನದೆಂದು ತಿಳಿಯಬೇಕು, ವಾರಗಟ್ಟಲೆ ಪ್ರತ್ಯೇಕವಾಗಿಟ್ಟು ರೋಗಪರೀಕ್ಷೆ ಮಾಡಬೇಕು, ಉದ್ದನೆಯ ಹಾರುಪಂಜರದಲ್ಲಿ ತಿಂಗಳುಗಟ್ಟಲೆ ಹಾರಿಸಿ ಬಲ ಬರಿಸಬೇಕು, ಕಾಡಿನ ಕಾಯಿಹಣ್ಣು ರೂಢಿ ಮಾಡಿಸಬೇಕು, ಒಂಟಿಯಾಗಿ ಅಲ್ಲದೆ ಗುಂಪಾಗಿ ಬಿಡಬೇಕು, ಬಿಟ್ಟ ಮೇಲೂ ಕೆಲಕಾಲ ಆಹಾರ ಇಡಬೇಕು. ಇಷ್ಟಕ್ಕೂ ಹಣ, ಜಾಗ, ಜನ ಬೇಕು. ಅದಿಲ್ಲದೆ ಹಲವು ಹಕ್ಕಿಗಳು ಠಾಣೆಯ ಪೆಟ್ಟಿಗೆಯಲ್ಲೇ ಸಾಯುತ್ತವೆ.

ಗೊತ್ತಿಲ್ಲದೆ ಕೊಂಡ ಕಾಡುಗಿಳಿ ಈಗಾಗಲೇ ಮನೆಯಲ್ಲಿದ್ದರೆ ಮೊದಲು ಮಾಡಬೇಕಾದದ್ದು ಹಕ್ಕಿಗಳ ಬಗ್ಗೆ ಬಲ್ಲ ಪಶುವೈದ್ಯರನ್ನು ಕಂಡು ಸಿಟಕೋಸಿಸ್ ಮತ್ತು ಸರ್ಕೋವೈರಸ್ ಪರೀಕ್ಷೆ ಮಾಡಿಸುವುದು. ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಕನಿಷ್ಠ 30 ದಿನ ಬೇರೆ ಕೋಣೆಯಲ್ಲಿಡುವುದು. ಆಯಾ ದೇಶದ ಕಾನೂನಿನಂತೆ ಒಪ್ಪಿಸಬೇಕಿದ್ದರೆ ಪುನರ್ವಸತಿ ಕೇಂದ್ರಕ್ಕೆ ಮೊದಲೇ ಮಾತಾಡಿಕೊಂಡು ಒಪ್ಪಿಸಬೇಕು. ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲದಿದ್ದರೆ, ಪರೀಕ್ಷೆಯಲ್ಲಿ ರೋಗವಿಲ್ಲ ಎಂದಾದ ಮೇಲೆ, ಅದೇ ಜಾತಿಯ ಜೊತೆಗಾರ ಬೇಕು. ಅದನ್ನೂ ಅಂಗಡಿಯಿಂದ ತರಬಾರದು. ಬಿಟ್ಟುಕೊಟ್ಟ ಹಕ್ಕಿಗಳಿಗೆ ಮನೆ ಹುಡುಕುವ ಕೇಂದ್ರಗಳಿಂದ ತರಬೇಕು.